ಮಾವಶಿ ಓದಿದ ದಸರಾ

ಕುಪವಾಡದ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯ ಹಿಂಬದಿಯ ಚಾಳಿನಲ್ಲಿ ನಮ್ಮದು ಮೂರನೆಯ ಖೋಲಿ, ನಾಲ್ಕನೆಯದು ಮಾವಶಿಯದು. ನಾವು ಅಥಣಿ ಕಡೆಯಿಂದ ಬಂದವರು, ಅವರು ಜಮಖಂಡಿ ಕಡೆಯವರು. ರಕ್ತಸಂಬಂಧವೇನೂ ಇರಲಿಲ್ಲ, ಪಕ್ಕದ ಮನೆಯ ಹಿರಿಯ ಹೆಂಗಸನ್ನು ಈ ಮರಾಠಿ ಊರಿನಲ್ಲಿ ಹಾಗೆ, ಚಿಕ್ಕಮ್ಮ ಎಂಬ ಅರ್ಥದಲ್ಲಿ, ಕರೆಯುತ್ತೇವೆ. ಫೌಂಡ್ರಿಯೊಂದರಲ್ಲಿ ಎರಕದ ತುಂಡುಗಳಿಗೆ ಅಂಟಿದ ಮರಳನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆಯುವುದು ಅವರ ಕೆಲಸ. ಸಂಜೆ ಮನೆಗೆ ಬರುವಾಗ ಹುಬ್ಬಿನ ಮೇಲೂ ಕರಿ ಧೂಳು ಕೂತಿರುತ್ತಿತ್ತು. ನಡುವಿನ ಗೋಡೆ ಎಷ್ಟು ತೆಳ್ಳಗಿತ್ತೆಂದರೆ, ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ಅವರಿಗೆ ಎಚ್ಚರವಾಗುತ್ತಿತ್ತು.

ಆ ಚಾಳಿಗೆ ಬಂದ ಮೊದಲ ದಸರೆಯ ಸಂಜೆ ಅವ್ವ ತಟ್ಟೆಯಲ್ಲಿ ಹೋಳಿಗೆ, ಮೇಲೊಂದು ಹಿಡಿ ಬನ್ನಿ ಎಲೆ ಇಟ್ಟುಕೊಂಡು ಮಾವಶಿಯ ಮನೆಗೆ ಹೊರಟಳು. ಮಗಳು ನಾನೂ ಜೊತೆಗೆ ಹೋದೆ. ನನಗಾಗ ಇಪ್ಪತ್ತೊಂದು ವರ್ಷ, ವಿಶ್ರಾಮಬಾಗದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ಮಾವಶಿ ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಹಬ್ಬದ ದಿನ ಬಿಳಿ ಸೀರೆ ಕಂಡು ಅವ್ವ ಒಂದು ಗಳಿಗೆ ಗಲಿಬಿಲಿಗೊಂಡಳು. ಆದರೂ ನಗುತ್ತ ಎಲೆ ಮುಂದೆ ಮಾಡಿದಳು.

"ಬನ್ನಿ ತಗೊಂಡ ಬಂಗಾರದ್ಹಂಗ ಇರೂಣ್ರಿ, ಅಕ್ಕಾರ."

ಮಾವಶಿ ಎರಡೂ ಕೈಯಿಂದ ಹೋಳಿಗೆ ತೆಗೆದುಕೊಂಡರು. ಎಲೆಗಳನ್ನು ಮುಟ್ಟಲಿಲ್ಲ.

"ನಿಮ್ಮ ಕೈಯಾನ ಹೋಳಿಗಿ ಉಣ್ತೀನ್ರಿ. ಇದನ್ನಷ್ಟ ತಗೊಳಂಗಿಲ್ಲ. ಇವತ್ತ ನಮ್ಮ ಹಿರ್ಯಾರು ಹಳೇ ದೇವರ ಪೂಜಿ ಬಿಟ್ಟ ಬುದ್ಧನ ದಾರಿ ಹಿಡದ ದಿನ. ಸಿಟ್ಟ ಆಗಬ್ಯಾಡ್ರಿ."

"ಯಾಕ್ರಿ? ಒಂದ ಎಲಿ ತಗೊಂಡ್ರ ಏನಾಕ್ಕೈತಿ?" ಅವ್ವನ ದನಿ ಸಣ್ಣದಾಗಿತ್ತು.

ಮಾವಶಿ ಬಾಯಿ ತೆರೆದರು. ಏನೋ ಹೇಳಹೊರಟು ನಿಲ್ಲಿಸಿದರು. "ಹಂಗ ಐತ್ರಿ," ಎಂದಷ್ಟೇ ಹೇಳಿದರು.

ಮನೆಗೆ ಬಂದು ಅವ್ವ ಆ ಎಲೆಗಳನ್ನು ದೇವರ ಮುಂದಿಟ್ಟಳು. ಸಿಟ್ಟು ಹೆಚ್ಚು ಬಂದದ್ದು ನನಗೆ. ಮುಂದೆ ಬರಿಯ ಅವಶ್ಯದ ಮಾತುಗಳಷ್ಟೇ ಉಳಿದವು: ನೀರು ಬಂತು, ಕರೆಂಟ್ ಹೋಯಿತು. ಗೋಡೆಯಾಚೆಯಿಂದ ಸಂಜೆಹೊತ್ತು ಮಾವಶಿ ಮತ್ತು ಅವರ ಸೊಸೆ ಅದೇನೋ ಗುಣುಗುಣು ಮಾಡುವುದು ಕೇಳಿಸುತ್ತಿತ್ತು. ಅತ್ತೆಸೊಸೆಯ ಜಗಳವಿರಬೇಕು ಎಂದುಕೊಂಡು ನಾನು ಕಿವಿಗೊಡಲಿಲ್ಲ.

ಮರುವರ್ಷ ದಸರೆಗೆ ನಾಲ್ಕು ದಿನವಿರುವಾಗ ಮಾವಶಿ ತಾವಾಗಿಯೇ ನಮ್ಮ ಹೊಸ್ತಿಲಿಗೆ ಬಂದರು.

"ಹಬ್ಬದ ದಿನ ಮುಂಜಾನೆ ನಮ್ಮ ಬುದ್ಧ ವಿಹಾರಕ್ಕ ಬರ್ರಿ. ಕೈ ಮುಗೀರಿ ಅಂತ ಕರಿಯಾಕತ್ತಿಲ್ಲ. ಬಂದು ಒಂದ ತಾಸು ಸುಮ್ನ ಕುಂದರ್ರಿ, ಸಾಕು."

ಅವ್ವ ಹೂರಣದ ನೆವ ಹೇಳಿದಳು, ಮನೆಗೆಲಸದ ನೆವ ಹೇಳಿದಳು. ಮಾವಶಿ ಒತ್ತಾಯ ಮಾಡದೆ ಹೋದರು. ಆದರೆ ಹಬ್ಬದ ದಿನ ಬೆಳಿಗ್ಗೆ ಅವ್ವ ತಾನೇ ಹಸಿರು ಇಳಕಲ್ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು, "ನಡಿ, ಕರದಾರ, ಹೋಗದಿದ್ರ ಚಂದ ಅಲ್ಲ," ಎಂದಳು.

ವಿಹಾರವೆಂದರೆ ತಗಡಿನ ಮಾಡಿನ ಒಂದು ಕೋಣೆ. ಒಳಗೆ ಕಾಲಿಟ್ಟವಳು ಹಾಗೆಯೇ ನಿಂತುಬಿಟ್ಟೆ. ಐವತ್ತು ಅರವತ್ತು ಹೆಂಗಸರು, ಎಲ್ಲರೂ ಬಿಳಿ ಸೀರೆಯಲ್ಲಿ. ಅವರಲ್ಲಿ ಹಲವರನ್ನು ನಾನು ದಿನಾ ಕಾರ್ಖಾನೆಗಳ ಗೇಟಿನಲ್ಲಿ ಎಣ್ಣೆ, ಮಸಿ ಮೆತ್ತಿದ ಬಟ್ಟೆಯಲ್ಲಿ ನೋಡುತ್ತಿದ್ದೆ. ಬುದ್ಧನ ಮೂರ್ತಿಯ ಮುಂದೆ ಮೇಣದಬತ್ತಿಗಳು ಉರಿಯುತ್ತಿದ್ದವು. ಹೊರಗೆ ಊರಿಗೆ ಊರೇ ಹಲಗಿ ಬಡಿತದ ಸದ್ದಿನಲ್ಲಿ ಮುಳುಗಿತ್ತು. ಇಲ್ಲಿ ಬತ್ತಿ ಚಟಪಟ ಎಂದರೂ ಕೇಳಿಸುತ್ತಿತ್ತು. ಇಷ್ಟು ಜನ ಕೂಡಿ ಇಷ್ಟು ಸುಮ್ಮನಿರುವುದೂ ಒಂದು ಹಬ್ಬವಾಗಬಹುದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಎಲ್ಲರೂ ಕೂಡಿ ವಂದನೆ ಹೇಳಿದ ಮೇಲೆ ಮಾವಶಿ ಎದ್ದು ನಿಂತರು. ಕೈಯಲ್ಲಿ ಬುದ್ಧನ ಬಗೆಗಿನ ಒಂದು ಮರಾಠಿ ಪುಸ್ತಕವಿತ್ತು. ಅವ್ವ ನನ್ನ ಕಿವಿಯಲ್ಲಿ, "ಇವ್ರು ಹೆಬ್ಬಟ್ಟ ಒತ್ತಾವ್ರಲ್ಲೇನ?" ಎಂದಳು. ಹೌದು, ನಾವು ಚಾಳಿಗೆ ಬಂದ ಹೊಸತರಲ್ಲಿ ರೇಷನ್ ಅಂಗಡಿಯಲ್ಲಿ ಅರ್ಜಿ ತುಂಬಿಸಲು ಅವರು ನನ್ನನ್ನೇ ಕರೆದೊಯ್ದಿದ್ದರು.

ಅವರು ಓದತೊಡಗಿದರು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಉಗುರಿನ ಸಂದಿಯಲ್ಲಿ ಇನ್ನೂ ಕಪ್ಪಿದ್ದ ಬೆರಳಿಟ್ಟು, ನಮ್ಮ ಕಡೆಯ ಕನ್ನಡದ ರಾಗದಲ್ಲಿ ಮರಾಠಿ ಓದಿದರು. ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರಕ್ಕೆ ಬಂದು ನಿಂತುಬಿಟ್ಟರು. ನನಗೆ ಎದ್ದು ಹೋಗಿ ಹೇಳಿಕೊಡಬೇಕೆನಿಸಿತು. ಆದರೆ ಅಷ್ಟು ಹೆಂಗಸರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಸೊಸೆಯೂ ಹೇಳಿಕೊಡಲಿಲ್ಲ. ಎಲ್ಲರೂ ಕಾದರು. ಮಾವಶಿ ಆ ಶಬ್ದವನ್ನು ಮುರಿದು, ಮತ್ತೆ ಕೂಡಿಸಿ, ಕೊನೆಗೆ ಗಟ್ಟಿಯಾಗಿ ಉಚ್ಚರಿಸಿದರು. ಕೋಣೆಯೇ ಒಮ್ಮೆ ಉಸಿರು ಬಿಟ್ಟಂತಾಯಿತು. ಅವ್ವ ನನ್ನ ಮುಂಗೈ ಹಿಡಿದಿದ್ದಳು. ಅವಳ ಹಿಡಿತಕ್ಕೆ ನನ್ನ ಬಳೆ ಒತ್ತಿ ಗೆರೆ ಮೂಡಿತ್ತು. ಒಂದೇ ಒಂದು ಪುಟ. ಅದನ್ನು ಓದಿ ಮುಗಿಸಲು ಅವರಿಗೆ ಕಾಲು ತಾಸು ಹಿಡಿಯಿತು.

ಆಮೇಲೆ ಖೀರು ಕೊಟ್ಟರು. ಅವ್ವ ಬಟ್ಟಲು ಹಿಡಿದು ಮಾವಶಿಯ ಹತ್ತಿರ ಹೋದಳು.

"ಯಾವಾಗ ಕಲತ್ರಿ, ಅಕ್ಕಾರ?"

"ನೀವು ಬನ್ನಿ ತಂದ ಮರುದಿನಾನ ಸುರು ಮಾಡೀನ್ರಿ. ಸೊಸಿ ಕಲಿಸ್ಯಾಳ." ಮಾವಶಿ ತಲೆ ತಗ್ಗಿಸಿದರು. "ಯಾಕ ತಗೊಳಂಗಿಲ್ಲ ಅಂತ ಕೇಳಿದ್ರಿ. ಹೇಳಾಕ ನನಗ ಬರಲಿಲ್ಲ. ಮಂದಿ ಹೇಳಿದ್ದ ಕೇಳಿ ನಡದಾಕಿ ನಾನು. ನಿಮ್ಮ ಮನಸ್ಸ ನೋಯಿಸೂದ ಆದ್ರ, ಯಾಕ ಅಂತ ನನಗರ ಗೊತ್ತಿರಬೇಕಲ್ರಿ?"

ಅವ್ವ ಬಟ್ಟಲು ಕೆಳಗಿಟ್ಟಳು. "ಈಗ ಗೊತ್ತಾತೇನ್ರಿ?" ಎಂದಳು.

"ಸ್ವಲ್ಪ ಗೊತ್ತಾತ್ರಿ. ಇನ್ನಾ ಭಾಳ ಪುಟ ಅದಾವ."

ಇಬ್ಬರೂ ನಕ್ಕರು. ಒಂದು ವರ್ಷದಿಂದ ನಾನು ಸಾಕಿಕೊಂಡಿದ್ದ ಸಿಟ್ಟು ಆ ನಗುವಿನ ಮುಂದೆ ಎಷ್ಟು ಸಣ್ಣದಾಗಿ ಕಂಡಿತೆಂದರೆ, ನಾನು ಖೀರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಆ ಸಂಜೆ ಅವ್ವ ತನ್ನ ಪೂಜೆಯಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಚಾಳಿಗೆಲ್ಲ ಬನ್ನಿ ಹಂಚಿದಳು. ನಾಲ್ಕನೆಯ ಖೋಲಿಗೆ ಮಾತ್ರ ಬರಿ ಹೋಳಿಗೆ ಕೊಟ್ಟು ಬಂದಳು.

ಅಂದಿನಿಂದ ಪ್ರತಿ ದಸರೆಯ ಮುಂಜಾನೆ ಅವ್ವ ವಿಹಾರಕ್ಕೆ ಹೋಗುತ್ತಾಳೆ. ಬಿಳಿ ಸೀರೆಗಳ ನಡುವೆ ಅವಳ ಹಸಿರು ಸೀರೆ, ಕುಂಕುಮ. ಯಾರೂ ಏನೂ ಅನ್ನುವುದಿಲ್ಲ. ಹೋದ ವರ್ಷ ಮಾವಶಿ ತಡವರಿಸದೆ ಸರಸರನೆ ಓದುತ್ತಿದ್ದರು. ಅವ್ವ ಕೂತಲ್ಲಿಂದಲೇ ಕೂಗಿದಳು: "ಸಾವಕಾಶ ಓದ್ರಿ, ಅಕ್ಕಾರ. ನನಗ ಮರಾಠಿ ಅಷ್ಟ ಲಗೂ ತಿಳಿಯಂಗಿಲ್ಲ."

ಮಾವಶಿ ಪುಸ್ತಕದಿಂದ ಮುಖ ಎತ್ತಿದರು. ಓದಿದ್ದ ಸಾಲನ್ನು ಕನ್ನಡದಲ್ಲಿ ಹೇಳಿದರು, ಮುಂದಿನ ಸಾಲನ್ನು ಮರಾಠಿಯಲ್ಲಿ ಓದಿದರು, ಮತ್ತೆ ಅದನ್ನೂ ಕನ್ನಡದಲ್ಲಿ ಹೇಳಿದರು. ಪುಟ ಮುಗಿಯುವವರೆಗೂ ಹಾಗೆಯೇ ನಡೆಯಿತು. ತಮ್ಮ ದಾರಿಯವಳಲ್ಲದ ಒಬ್ಬ ಹೆಂಗಸಿಗಾಗಿ ಅಷ್ಟೂ ಜನ ಮಿಸುಕದೆ ಕೂತಿದ್ದರು.