ವೈನಿ ಕಾಟನ್ ಸೀರೆ ಉಟ್ಟ ದಿನಗಳು

ಮೊನ್ನೆ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿರುವ ಇಸ್ತ್ರಿಯವನ ಹತ್ತಿರ ಬಟ್ಟೆ ತರಲು ಹೋಗಿದ್ದೆ. ಯಾರದೋ ಗಂಜಿ ಹಾಕಿದ ಕಾಟನ್ ಸೀರೆಗೆ ನೀರು ಚಿಮುಕಿಸಿ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ವೈನಿ ನೆನಪಾದರು. ಬೇರೆಯವರಿಗೆ ಗಂಜಿಯ ವಾಸನೆಗೆ ಅಜ್ಜಿ ನೆನಪಾಗುತ್ತಾಳೆ. ನನಗೆ ಆಸ್ಪತ್ರೆಯ ಸರ್ವರ್ ರೂಮು ನೆನಪಾಗುತ್ತದೆ, ಏನು ಮಾಡುವುದು…

ವೈನಿ ಅಂದರೆ ನಮ್ಮ ಕಡೆ ಅತ್ತಿಗೆ, ಆದರೆ ಇವರು ನನ್ನ ಬಂಧುವಲ್ಲ. ನಾನು ಕೆಲಸಕ್ಕಿರುವ ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಅವರು ಮುಖ್ಯಸ್ಥರಾಗಿದ್ದರು. ಎಲ್ಲರಿಗೂ ಮೇಡಂ. ನಾನು ಸೇರಿದ ಹೊಸದರಲ್ಲಿ ಫೋನಿನಲ್ಲಿ ಅವ್ವನ ಜೊತೆ ಜಗಳಾಡುವುದನ್ನು ಕೇಳಿಸಿಕೊಂಡು, "ರಾಯಚೂರ ಕಡೆಯವರೇನ್ರಿ?" ಎಂದರು. ಅವರೂ ಅತ್ತಲಿನವರೇ. ದಿನವಿಡೀ ತೆಲುಗು, ಹಿಂದಿಯಲ್ಲಿ ಒದ್ದಾಡುತ್ತಿದ್ದ ನನಗೆ ಜೀವ ಬಂದಂತಾಯಿತು. ಅಂದಿನಿಂದ ಅವರು ವೈನಿ, ನಾನು ತಂಗಿ. ನಾನೋ ಬಾಯಿಬಡುಕಿ. ಅವರು ನನ್ನ ಹತ್ತು ಮಾತಿಗೆ ಒಂದು ಮಾತಾಡಿದರೆ ಹೆಚ್ಚು.

ದಿನವೂ ಅವರು ಉಡುತ್ತಿದ್ದದ್ದು ಸಿಂಥೆಟಿಕ್ ಸೀರೆ. ಒಗೆದರೆ ಬೇಗ ಒಣಗುತ್ತದೆ, ಇಸ್ತ್ರಿಯ ಗೋಜಿಲ್ಲ. ಸರ್ವರ್ ಬಿಚ್ಚುವ ದಿನ ಮಾತ್ರ ಗಂಜಿ ಹಾಕಿದ ಕಾಟನ್ ಸೀರೆ. ಸಿಂಥೆಟಿಕ್ ಬಟ್ಟೆ ಉಜ್ಜಿಕೊಂಡರೆ ಮೈಯಲ್ಲಿ ಸಣ್ಣಗೆ ವಿದ್ಯುತ್ತು ಸೇರುತ್ತದೆ; ಆಗ ಬೆರಳು ತಾಗಿದರೆ ಸರ್ವರಿನೊಳಗೆ ಸಿಕ್ಕಿಸಿರುವ ಮೆಮೊರಿ ಪಟ್ಟಿ ಕೆಟ್ಟೇ ಹೋಗಬಹುದು. ಅದಕ್ಕೆಂದೇ ಕೈಗೆ ಕಟ್ಟಿಕೊಳ್ಳುವ ತಂತಿ ಇದೆಯಲ್ಲ ಎಂದು ನಾನು ಚುಡಾಯಿಸಿದರೆ, "ಅದೂ ಇರಲಿ, ಇದೂ ಇರಲಿ" ಎನ್ನುತ್ತಿದ್ದರು. ಹೀಗಾಗಿ ಮೇಡಂ ಕಾಟನ್ ಸೀರೆಯಲ್ಲಿ ಬಂದರೆ ಕಂಪ್ಯೂಟರ್ ಸ್ವಲ್ಪ ಹೊತ್ತು ಬಂದ್ ಎಂಬುದು ಆಸ್ಪತ್ರೆಗೆಲ್ಲ ಗೊತ್ತಿತ್ತು.

ಒಂದು ಮಳೆಗಾಲ ಡೆಂಗಿ ಜ್ವರ ಊರನ್ನೇ ಹಿಡಿದಿತ್ತು. ಲ್ಯಾಬಿನ ರಿಪೋರ್ಟುಗಳೆಲ್ಲ ನಮ್ಮ ಸರ್ವರಿನಿಂದಲೇ ವಾರ್ಡುಗಳಿಗೆ ಹೋಗಬೇಕು. ಪ್ಲೇಟ್‌ಲೆಟ್ ಎಷ್ಟಿದೆ ಎಂದು ತಿಳಿಯದೆ ಡಾಕ್ಟರು ಮುಂದುವರಿಯುವಂತಿಲ್ಲ. ಅದೇ ಹೊತ್ತಿಗೆ ಒಂದು ಮೆಮೊರಿ ಪಟ್ಟಿ ತಪ್ಪು ಮಾಡತೊಡಗಿತು. ಸರ್ವರ್ ಆ ತಪ್ಪನ್ನು ತಾನೇ ತಿದ್ದಿಕೊಂಡು ನಮಗೆ ಎಚ್ಚರಿಕೆ ಕಳಿಸುತ್ತಿತ್ತು. ಪಟ್ಟಿ ಬದಲಿಸಲು ವೈನಿ ಅರ್ಧ ಗಂಟೆ ಕೇಳಿದರು. ಮ್ಯಾನೇಜರ್ ಸುತರಾಂ ಒಪ್ಪಲಿಲ್ಲ. ತಾನೇ ತಿದ್ದಿಕೊಳ್ಳುತ್ತಿದೆಯಲ್ಲ, ಈ ಗದ್ದಲ ಮುಗಿಯಲಿ ಎಂದರು. ಅದೂ ಸರಿಯೇ ಅಲ್ಲವೇ ಎಂದು ನಾನೂ ಕೇಳಿದೆ.

"ಒಂದು ತಪ್ಪಾದ್ರ ತಿದ್ದಿಕೊಳ್ತೈತಿ ತಂಗಿ. ಎರಡು ಕೂಡೇ ಆದ್ರ ಅದರ ಕೈಲೆ ಆಗಂಗಿಲ್ಲ, ನಿಂತಬಿಡ್ತೈತಿ. ಆವಾಗ ವಾರ್ಡಿನ್ಯಾಗ ಮಗೂನ್ನ ತೊಡಿ ಮ್ಯಾಲೆ ಮಲಗಿಸ್ಕೊಂಡು ಕುಂತಾಕಿಗೆ ಏನ್ ಹೇಳೂದು?"

ಮರುದಿನ ವೈನಿ ಕಾಟನ್ ಸೀರೆಯಲ್ಲಿ ಬಂದರು. ಅದರ ಮರುದಿನವೂ. ಸರ್ವರನ್ನು ಮಾತ್ರ ಮುಟ್ಟಲಿಲ್ಲ. ಇವತ್ತು ಕಂಪ್ಯೂಟರ್ ಬಂದ್ ಏನು ಎಂದು ನರ್ಸುಗಳು ಕೇಳಿದರು. ಲ್ಯಾಬಿನವರು ಮುಂಚಿತವಾಗಿಯೇ ರಿಪೋರ್ಟುಗಳನ್ನು ಪ್ರಿಂಟ್ ತೆಗೆದಿಟ್ಟುಕೊಂಡರು. ಡಾಕ್ಟರುಗಳು ಮ್ಯಾನೇಜರಿಗೆ ಫೋನು ಹಚ್ಚಿದರು. ವೈನಿಯ ಹತ್ತಿರವಿದ್ದ ಕಾಟನ್ ಸೀರೆಗಳು ಮುಗಿದಾಗ ನಮ್ಮವ್ವನದೊಂದನ್ನು ನಾನೇ ಒಯ್ದು ಕೊಟ್ಟೆ. ಎಲ್ಲರಿಗೂ ಬಂದ್ ಇಲ್ಲ, ಇಲ್ಲ ಎಂದು ಹೇಳಿ ಹೇಳಿ ರೋಸಿಹೋದ ಮ್ಯಾನೇಜರ್ ಕೊನೆಗೆ ನಮ್ಮ ಬಾಗಿಲಿಗೆ ಬಂದು ತೆಲುಗಿನಲ್ಲಿ ಕೈಮುಗಿದರು. ಊಟದ ಹೊತ್ತಿನಲ್ಲಿ ಅರ್ಧ ಗಂಟೆ ತಗೊಳ್ಳಿ ತಾಯಿ, ನಾಳೆಯಿಂದ ಈ ಸೀರೆ ಮಾತ್ರ ಬೇಡ, ಎಂದರು. ಅವರು ಅತ್ತ ಹೋದ ಮೇಲೆ ನಾವಿಬ್ಬರೂ ನಕ್ಕದ್ದೇ ನಕ್ಕದ್ದು.

ಪಟ್ಟಿ ಬದಲಾಯಿತು. ಆ ಮಳೆಗಾಲ ಸರ್ವರ್ ಒಮ್ಮೆಯೂ ನಿಲ್ಲಲಿಲ್ಲ. ಬಿಟ್ಟಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಮ್ಯಾನೇಜರ್ ಬಹಳ ದಿನ ಹೇಳಿಕೊಂಡು ತಿರುಗಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ವೈನಿ ಎಂದೂ ವಾದಕ್ಕಿಳಿಯಲಿಲ್ಲ.

ಹೋದ ವರ್ಷ ವೈನಿ ತೀರಿಕೊಂಡರು. ಎದೆ ನೋಯುತ್ತದೆ ಅಂದರಂತೆ, ಅಷ್ಟೇ… ತಾರ್ನಾಕದ ಅವರ ಮನೆಗೆ ಹೋದಾಗ ಯಜಮಾನರು ನನ್ನನ್ನು ಕೂರಿಸಿಕೊಂಡು ಹೇಳಿದರು:

"ದಿನಾ ಸಂಜಿಗೆ ಕೇಳ್ತಿದ್ದೆನವಾ, ಇವತ್ತ ಆಫೀಸಿನ್ಯಾಗ ಏನಾತು ಅಂತ. ಏನೂ ಆಗಲಿಲ್ರಿ ಅಂತ ನಕ್ಕೋತ ಚಾ ಇಡ್ತಿದ್ಲು. ದಿನಾ ಅದೇ ಮಾತು. ಏನೂ ಆಗದಿದ್ರ ಅಷ್ಟ್ಯಾಕ ಖುಷಿ ಪಡ್ತಿದ್ಲು ಅಂತ ಈಗ ಯೋಚನಿ ಮಾಡಾಕತ್ತೀನಿ."

ನಾನು ಆ ಮಳೆಗಾಲದ ಕತೆಯನ್ನೆಲ್ಲ ಹೇಳಿದೆ. ಅವರಿಗೆ ಅದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡರು.

ಈಗ ಆ ರೂಮಿನಲ್ಲಿ ನಾನೇ ಕೂರುತ್ತೇನೆ. ನಿನ್ನೆ ಬೆಳಿಗ್ಗೆ ಒಂದು ಮೆಮೊರಿ ಪಟ್ಟಿ ಕೈಕೊಟ್ಟಿತು. ಅದರ ಜೋಡಿ ಪಟ್ಟಿಯಲ್ಲಿ ಎಲ್ಲದರ ಪ್ರತಿ ಇರುವಂತೆ ಮೊದಲೇ ಏರ್ಪಾಡು ಮಾಡಿಟ್ಟಿದ್ದೆ, ಸರ್ವರ್ ನಡೆದೇ ಇತ್ತು. ಲ್ಯಾಬಿನ ಮುಂದಿನ ಸಾಲಿನಲ್ಲಿ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, ಇವತ್ತು ಏನಾಯಿತು ಎಂದು ಕೇಳಿದರು.

ಏನೂ ಆಗಲಿಲ್ಲ ಅಂದೆ. ಅಂದವಳೇ ತಟ್ಟೆ ಬಿಟ್ಟೆದ್ದು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.