ಗಾಜು ತಾಗಿತು ಎಂದವನು

ತಮ್ಮನಿಗೆ ಕಿಡ್ನಿ ಕೊಟ್ಟವಳು ಅಕ್ಕ. ಅವನಿಗಾಗ ನಲವತ್ತಮೂರು, ಅವಳಿಗೆ ಐವತ್ತೊಂದು. ಎರಡು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಅವನ ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಒಂದು ದಿನ ಅವನನ್ನು ಕರೆದೊಯ್ಯಲು ಬಂದ ಅಕ್ಕ ಡಾಕ್ಟರ ಕೋಣೆಗೆ ನೇರ ನುಗ್ಗಿ, "ನನ್ನ ಹತ್ರ ಎರಡಿದೆಯಲ್ಲ, ಒಂದು ತಗೊಳ್ಳಿ" ಅಂದಳು, ಪಕ್ಕದ ಮನೆಗೆ ಒಂದು ಲೋಟ ಸಕ್ಕರೆ ಕೊಡುವವಳ ಹಾಗೆ. ನಾಲ್ಕು ತಿಂಗಳಲ್ಲಿ ಆಪರೇಷನ್ ಆಯಿತು.

ಅವನು ಮದುವೆಯಾದವನಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಫ್ರೇಮಿನ ಆಕಾರಕ್ಕೆ ತಕ್ಕಂತೆ ಗಾಜಿನ ಅಂಚು ಉಜ್ಜುವುದು ಅವನ ಕೆಲಸ. ಇಪ್ಪತ್ತು ವರ್ಷ ನೀರು ಸುರಿಯುವ ಸಾಣೆಕಲ್ಲಿನ ಚಕ್ರದ ಮುಂದೆ ಕೂತು ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಆಪರೇಷನ್ ಆದಮೇಲೆ ತನ್ನ ಬಾಡಿಗೆ ಕೋಣೆ ಬಿಟ್ಟು ಅಕ್ಕನ ಮನೆಗೆ ಬಂದ. ಬಂದದ್ದು ಆರು ತಿಂಗಳಿಗೆ ಅಂತ.

ಅಕ್ಕ ಪರದೆ ಹೊಲಿಯುವವಳು. ಮುಂದಿನ ಕೋಣೆಯ ತುಂಬ ಹೊಲಿಗೆ ಯಂತ್ರ, ಬಟ್ಟೆಯ ಸುರುಳಿಗಳು, ಕೊಂಡಿಗಳ ಡಬ್ಬಿ. ಆ ಸುರುಳಿಗಳ ಮೇಲೆ ಬೆಕ್ಕುಗಳು. ಹಳದಿ ಗಂಡುಬೆಕ್ಕಿಗೆ ಅಮಲ್ದಾರ ಎಂದು ಹೆಸರು. ಇಸ್ತ್ರಿಯಾದ ಪರದೆಯ ಮೇಲಲ್ಲದೆ ಬೇರೆಲ್ಲೂ ಅದಕ್ಕೆ ನಿದ್ದೆ ಬರುತ್ತಿರಲಿಲ್ಲ. ಕರಿಬೆಕ್ಕು ಅಜ್ಜಿ, ದಿನವಿಡೀ ಕಿಟಕಿಯಲ್ಲೇ. ಮೂರನೆಯದು ಗುಬ್ಬಿ, ನಾಲ್ಕು ತಿಂಗಳ ಮರಿ. ಆಸ್ಪತ್ರೆಯಿಂದ ಬಂದ ವಾರದಲ್ಲೇ ಅಕ್ಕ ಅದನ್ನು ಬೀದಿಕೊನೆಯ ಕಸದ ಡಬ್ಬಿಯ ಹಿಂದಿನಿಂದ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಮೈತುಂಬ ಚಿಗಟ. ಹೊದಿಕೆಯೊಳಗೆ ಅಲ್ಲಾಡುವ ಕಾಲ್ಬೆರಳೆಲ್ಲ ಅದಕ್ಕೆ ಇಲಿ.

ಆಸ್ಪತ್ರೆಯವರು ಮನೆಗೆ ಕಳಿಸುವಾಗ ಅವನ ಕೈಗೆ ಒಂದು ಪುಸ್ತಿಕೆ ಕೊಟ್ಟಿದ್ದರು. ಬೇರೆಯವರ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲೆಂದು ಅವನು ದಿನಕ್ಕೆರಡು ಸಲ ನುಂಗುವ ಮಾತ್ರೆ, ರೋಗದ ಜೊತೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ ಎಂದು ಅದರಲ್ಲಿತ್ತು. ಸಾಕುಪ್ರಾಣಿಗಳ ಬಗ್ಗೆಯೇ ಒಂದು ಪುಟವಿತ್ತು. ಅದನ್ನು ಎರಡು ಸಲ ಓದಿ, ಪುಸ್ತಿಕೆಯನ್ನು ಅಂಗಿಗಳ ಅಡಿಗೆ ತಳ್ಳಿದ. ಅಕ್ಕನ ಮುಂದೆ ಯಾವ ಬಾಯಲ್ಲಿ ಓದುವುದು?

ಅಕ್ಕ ಕಿಡ್ನಿಯ ಮಾತನ್ನೇ ಎತ್ತುತ್ತಿರಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಡಬಹುದಿತ್ತು. ಅವಳು ಎತ್ತಲಿಲ್ಲ, ಅವನು ಎಲ್ಲಕ್ಕೂ ಹೂಂ ಅನ್ನುವವನಾದ. ನೀಲಿ ಅಂಗಿ ಹಾಕ್ಕೋ ಅಂದರೆ ನೀಲಿ ಅಂಗಿ. ಇನ್ನೊಂದು ಸೌಟು ಹಾಕ್ಲಾ ಅಂದರೆ ಹೂಂ. ಬೀದಿಯವರು ಸಿಕ್ಕಾಗೆಲ್ಲ, "ಹೆತ್ತ ತಾಯಿನೂ ಇಷ್ಟು ಮಾಡಲ್ಲ ಕಣಪ್ಪ, ಅವಳ ಮನಸ್ಸು ನೋಯಿಸಬೇಡ" ಅನ್ನುತ್ತಿದ್ದರು. ಅದಕ್ಕೂ ಹೂಂ ಅಂದು ತಲೆ ತಗ್ಗಿಸಿ ನಡೆಯುತ್ತಿದ್ದ. ಕಿಡ್ನಿ ತೆಗೆದ ಮಗ್ಗುಲು ಬಗ್ಗಿದರೆ ಅಕ್ಕನಿಗೆ ಎಳೆಯುತ್ತಿತ್ತು. ಹಾಗಾಗಿ ಬೆಕ್ಕುಗಳು ಹೊಲಸು ಮಾಡುವ ಮರಳಿನ ತಟ್ಟೆ ಚೊಕ್ಕ ಮಾಡುವ ಕೆಲಸ ತಾನಾಗಿಯೇ ಅವನ ಪಾಲಿಗೆ ಬಂತು. ಅದನ್ನು ಮುಟ್ಟಬಾರದು ಎಂದೂ ಪುಸ್ತಿಕೆಯಲ್ಲಿತ್ತು. ದಿನಾ ಬೆಳಿಗ್ಗೆ ಉಸಿರು ಬಿಗಿಹಿಡಿದು ಮರಳು ಕೆದಕುತ್ತಿದ್ದ.

ಅವನು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ, ಒಂದು ಬೆಳಿಗ್ಗೆ ಗುಬ್ಬಿ ಗಿರಾಕಿಯ ಹೊಸ ಪರದೆ ಹತ್ತಿ ನೇತಾಡುತ್ತಿತ್ತು. "ಲೋ, ಹಿಡ್ಕೊಳೋ ಅದನ್ನ! ನೂಲೆಲ್ಲ ಕಿತ್ತು ಬರುತ್ತೆ!" ಎಂದು ಅಕ್ಕ ಒಳಗಿನಿಂದ ಕೂಗಿದಳು. ಹಿಡಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮರಿ ಗೀರಿಬಿಟ್ಟಿತು. ಕರವಸ್ತ್ರದಲ್ಲಿ ಒರೆಸಿಕೊಂಡು ಅಂಗಡಿಗೆ ಹೋದ. ನಲ್ಲಿಯ ಹತ್ತಿರ ಹೋದರೆ ಅಕ್ಕ ಏನಾಯಿತು ಅಂತ ಕೇಳುತ್ತಾಳೆ, ಹೇಳಿದರೆ ಅವಳ ಮುಖ ಬಾಡುತ್ತದೆ.

ಸಂಜೆ ಅವಳ ಕಣ್ಣಿಗೆ ಬಿದ್ದೇಬಿಟ್ಟಿತು.

"ಏನೋ ಇದು ಕೈಗೆ?"

"ಗಾಜು ತಾಗಿತು."

"ನೋಡ್ಕೊಂಡು ಕೆಲಸ ಮಾಡಬಾರದಾ ಮಾರಾಯ?"

ಅಂದಿನಿಂದ ಗೀರಿದ್ದೆಲ್ಲ ಗಾಜೇ ಆಯಿತು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕತೊಡಗಿದ. ಅಂಗಡಿಯ ಯಜಮಾನ, "ಏನಯ್ಯಾ, ಮದುವೆಗೆ ಹೊರಟ ಹಾಗೆ ಬರ್ತೀಯಲ್ಲ" ಎಂದು ನಕ್ಕರೆ ತಾನೂ ನಕ್ಕ.

ಮೂರು ವಾರ ಕಳೆದು ಜ್ವರ ಬಂತು, ಹೋಯಿತು, ಮತ್ತೆ ಬಂತು. ಬಲ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದು ಕೈ ಎತ್ತಲಾಗದಂತಾಯಿತು. ಆಸ್ಪತ್ರೆಗೆ ಸೇರಿಸಿದರು. ಕಿಡ್ನಿ ಕೈಕೊಡುತ್ತಿದೆಯೇ, ಕ್ಷಯವೇ, ಅದಕ್ಕಿಂತ ಕೆಟ್ಟದ್ದೇ ಎಂದು ದಿನಕ್ಕೆರಡು ಸಲ ಎಡಗೈಯಿಂದ ರಕ್ತ ತೆಗೆದರು. ಮೊದಲ ದಿನವೇ ಡಾಕ್ಟರಮ್ಮ ಕೇಳಿದ್ದರು:

"ಮನೇಲಿ ಬೆಕ್ಕು, ನಾಯಿ, ಏನಾದ್ರೂ ಸಾಕಿದ್ದೀರಾ?"

"ಇಲ್ಲ ಮೇಡಂ."

ಇದೆ ಅಂದರೆ ಅವರು ಅಕ್ಕನನ್ನು ಕರೆಯುತ್ತಾರೆ, ಬೆಕ್ಕು ಬಿಡಿ ಅನ್ನುತ್ತಾರೆ. ಮೈಯ ಒಂದು ಭಾಗ ಕೊಟ್ಟವಳಿಂದ ಮನೆಯ ಜೀವವನ್ನೂ ಕಿತ್ತುಕೊಂಡ ಹಾಗಾಗುತ್ತದೆ. ಇಲ್ಲ ಅಂದರೆ ಈ ಹಾಸಿಗೆಯಲ್ಲೇ ಹೀಗೆ ಬೇಯಬೇಕು. ಅತ್ತ ದರಿ, ಇತ್ತ ಪುಲಿ. ಅವನು ಚಾವಣಿ ನೋಡುತ್ತ ಮಲಗಿದ. ಹೊರಗೆ ಬೆಂಚಿನ ಮೇಲೆ ಕೂತ ಅಕ್ಕ, ಅವಳನ್ನೂ ಯಾರೂ ಏನೂ ಕೇಳದೆ, ಗಂಜಿಯ ಫ್ಲಾಸ್ಕ್ ತಬ್ಬಿಕೊಂಡು ಸಣ್ಣಗಾಗುತ್ತಿದ್ದಳು.

ಐದನೆಯ ದಿನ ಗಂಟನ್ನು ಕೊಯ್ದು ಪರೀಕ್ಷೆಗೆ ಕಳಿಸುವುದೆಂದು ತೀರ್ಮಾನವಾಯಿತು. ಬಲಗೈ ನೋಡಲು ಡಾಕ್ಟರಮ್ಮ ಅಂಗಿಯ ತೋಳು ಮೇಲಕ್ಕೆ ಸರಿಸಿದರು.

"ಇದೇನು?"

"ಗಾಜು ಮೇಡಂ. ನಾನು ಕನ್ನಡಕದ ಅಂಗಡೀಲಿ ಕೆಲಸ ಮಾಡೋದು."

ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿದರು. ಆಮೇಲೆ ತಮ್ಮ ಗಡಿಯಾರದ ಪಟ್ಟಿ ಸರಿಸಿ ಮಣಿಕಟ್ಟು ತೋರಿಸಿದರು. "ಗಾಜು ಮೂರು ಸಾಲು ಒಟ್ಟಿಗೆ ಗೀರುತ್ತೇನ್ರೀ? ನಮ್ಮನೇಲೂ ಎರಡು ಬೆಕ್ಕಿದೆ."

ಅವನು ಬಾಗಿಲ ಕಡೆ ನೋಡಿದ. ಅಕ್ಕ ಫ್ಲಾಸ್ಕ್ ಹಿಡಿದು ಅಲ್ಲೇ ನಿಂತಿದ್ದಳು.

"ಮೂರಿದೆ ಡಾಕ್ಟ್ರೇ," ಅಂದಳು. "ಒಂದು ಮರಿ."

ಕೊಯ್ಯುವುದು ನಿಂತಿತು. ಬೆಕ್ಕಿನ ಉಗುರಿನಿಂದ ಮೈಗೆ ಸೇರುವ ರೋಗಾಣು ಇರಬಹುದು ಎಂದು ಬೇರೊಂದು ರಕ್ತಪರೀಕ್ಷೆ ಬರೆದರು, ಬೇರೆ ಔಷಧಿ ಶುರುವಾಯಿತು. ಅಕ್ಕ ಕೇಳಿದ್ದು ಒಂದೇ: "ಮೂರನ್ನೂ ಎಲ್ಲಾದರೂ ಬಿಟ್ಟು ಬರ್ಲಾ?"

"ಬೇಕಾಗಿಲ್ಲಮ್ಮ. ಆದರೆ ಇಷ್ಟು ದಿನ ಇದ್ದ ಹಾಗೆ ಇರೋಕಾಗಲ್ಲ. ಮೊದಲು ಚಿಗಟಕ್ಕೆ ಔಷಧಿ ಹಾಕಿಸಿ, ಬೆಕ್ಕಿಗೆ ಈ ಕಾಯಿಲೆ ಬರೋದೇ ಚಿಗಟದಿಂದ. ಉಗುರು ಕತ್ತರಿಸ್ತಾ ಇರಿ. ಬೆಕ್ಕನ್ನ ಬೀದಿಗೆ ಬಿಡಬೇಡಿ. ಮರಿ ಜೊತೆ ಇವರು ಕೈ ಹಾಕಿ ಆಡಬಾರದು, ಮರಳಿನ ತಟ್ಟೆಯಂತೂ ಮುಟ್ಟಲೇಬಾರದು." ಆಮೇಲೆ ಅವನ ಕಡೆ ತಿರುಗಿ, ಗೀರಿದಾಗ ಏನು ಮಾಡಿದಿರಿ ಎಂದು ಕೇಳಿ, ಅವನು ಹೇಳಿದ್ದಕ್ಕೆ ತಲೆ ಕೊಡವಿದರು. "ಗೀರಿದರೆ ತಕ್ಷಣ ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಾಕಿ ತೊಳೀರಿ, ನಮಗೆ ಫೋನ್ ಮಾಡಿ. ಕರವಸ್ತ್ರದಲ್ಲಿ ಒರೆಸಿಕೊಂಡು ಕೂತರೆ ದೇವರೂ ಕಾಪಾಡಲ್ಲ."

ಎರಡು ವಾರಕ್ಕೆ ಜ್ವರ ಬಿಟ್ಟಿತು. ಕಿಡ್ನಿಗೆ ಏನೂ ಆಗಿರಲಿಲ್ಲ. ಗಂಟು ಕರಗಲು ತಿಂಗಳುಗಳೇ ಹಿಡಿದವು.

ಮನೆಗೆ ಬಂದಮೇಲೆ ಅಕ್ಕ ಎರಡು ದಿನ ಮಾತಾಡಲಿಲ್ಲ. ತಟ್ಟೆ ತಂದಿಡುವಳು, ಮಾತ್ರೆ ತಂದಿಡುವಳು, ಯಂತ್ರದ ಮುಂದೆ ಹೋಗಿ ಕೂರುವಳು. ಮೂರನೆಯ ದಿನ ಪೆಡಲು ನಿಲ್ಲಿಸಿ, ಬೆನ್ನು ಹಾಕಿಕೊಂಡೇ ಕೇಳಿದಳು:

"ಕಿಡ್ನಿ ಕೊಟ್ಟೆ ಅಂತ ನಾನು ಒಂದು ಸಲವಾದರೂ ಬಾಯಿಬಿಟ್ಟು ಹೇಳಿದ್ದೀನೇನೋ?"

"ಇಲ್ಲ."

"ಮತ್ಯಾಕೆ ಸುಳ್ಳು ಹೇಳಿದೆ?"

"ನೀನು ಹೇಳಲ್ಲ ಅಕ್ಕ. ಅದೇ ಕಷ್ಟ. ನೀನು ಕೇಳಿದ್ದಿದ್ರೆ ಏನೋ ಒಂದು ಕೊಟ್ಟು ಮುಗಿಸ್ತಿದ್ದೆ. ಈಗ ಯಾವುದಕ್ಕೂ ಬೇಡ ಅನ್ನೋಕೆ ಬಾಯಿ ಬರಲ್ಲ. ಸಾರು ಉಪ್ಪಾಗಿದೆ ಅಂತ ಹೇಳೋಕೂ ಆಗಲ್ಲ."

ಅಕ್ಕ ಯಂತ್ರ ಬಿಟ್ಟು ಅವನ ಕಡೆ ತಿರುಗಿ ಕೂತಳು. "ಉಪ್ಪಾಗಿರುತ್ತಾ?"

"ಆಗಾಗ."

"ಇಷ್ಟು ದಿನ ಬಾಯಲ್ಲೇನು ಕಡುಬು ಇಟ್ಕೊಂಡಿದ್ದೆಯಾ?" ಎಂದು ರೇಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನಿಗೆ ಹಗುರವೆನಿಸಲಿಲ್ಲ. ಅವಳನ್ನು ಅಳಿಸಿದ್ದೂ ಈಗ ಹಳೆಯ ಋಣದ ಮೇಲೆ ಬಂದು ಕೂತಿತು.

ವಾರದೊಳಗೆ ಬಡಗಿ ಬಂದು ಅವನ ಕೋಣೆಗೆ ತಂತಿಬಲೆಯ ಬಾಗಿಲು ಕೂರಿಸಿದ. ಮರಳಿನ ತಟ್ಟೆಯನ್ನು ಎತ್ತರದ ಮಣೆಯ ಮೇಲಿಟ್ಟು, ಬಗ್ಗದೆ ಅಕ್ಕನೇ ಚೊಕ್ಕ ಮಾಡತೊಡಗಿದಳು. ಉಗುರು ಕತ್ತರಿಸಲು ಕೂತಾಗ ಹತ್ತಿರದ್ದು ಅವಳಿಗೆ ಮಸುಕು. ಉಗುರೊಳಗಿನ ಕೆಂಪು ನರ ಕಾಣದೆ ಅಮಲ್ದಾರನಿಗೆ ರಕ್ತ ಬರಿಸಿದಳು. ಅವನು ಅವಳ ಕಣ್ಣು ಪರೀಕ್ಷೆ ಮಾಡಿಸಿ, ತಾನೇ ಗಾಜು ಉಜ್ಜಿ ಕನ್ನಡಕ ಮಾಡಿ ತಂದ. ಗುಬ್ಬಿಯನ್ನು ಗಿರಾಕಿಯೊಬ್ಬಳಿಗೆ ಕೊಟ್ಟುಬಿಡುತ್ತೇನೆ ಎಂದು ಅವಳೇ ಅಂದಳು. "ಬೇಡ" ಅಂದ. ಅವಳು ಅದನ್ನೂ ಬಿಟ್ಟುಕೊಟ್ಟರೆ ಈ ಮನೆಯಲ್ಲಿ ಉಸಿರಾಡುವುದೇ ಕಷ್ಟ ಎಂದು ಅವನಿಗೆ ಗೊತ್ತಿತ್ತು.

ಸಂಜೆ ಅಂಗಡಿಯಿಂದ ಬಂದು ಬಲೆಯ ಬಾಗಿಲು ಎಳೆದುಕೊಂಡು ಕೂರುವನು. ಆಚೆ ಮೂರೂ ಬೆಕ್ಕು ಸಾಲಾಗಿ ಕೂತು ನೋಡುವವು. "ಮೃಗಾಲಯಕ್ಕೆ ಬಂದ ಹಾಗೆ ನೋಡ್ತವೆ ನೋಡು" ಎಂದು ಅಕ್ಕ ನಗುವಳು, ಅವನೂ ನಗುವನು. ನಗು ನಿಂತಮೇಲೂ ಬಲೆ ಅಲ್ಲೇ ಇರುತ್ತಿತ್ತು.

ಆ ವರ್ಷದ ಕೊನೆಗೆ ಅಂಗಡಿಯ ಮೇಲಿನ ಕೋಣೆ ಖಾಲಿಯಾಯಿತು. ಯಜಮಾನ ಬೀಗದ ಕೈ ಕೊಟ್ಟು ನೋಡಿ ಬಾ ಅಂದ. ಒಂದು ಕಿಟಕಿ, ಒಂದು ನಲ್ಲಿ, ಮೂಲೆಯಲ್ಲಿ ಒಲೆಗೆ ಜಾಗ. ಕಿಟಕಿಯ ಕಟ್ಟೆಯ ಮೇಲೆ ಅಂಗೈ ಎಳೆದು ನೋಡಿದ; ಬರೀ ಧೂಳು, ಒಂದು ಕೂದಲೂ ಇಲ್ಲ. ಅಲ್ಲೇ ನೆಲದ ಮೇಲೆ ಅರ್ಧ ಗಂಟೆ ಕಾಲು ಚಾಚಿ ಕೂತಿದ್ದ.

ಮನೆಗೆ ಬಂದು ಹೇಳಿದ. ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಹೋಗು. ಬೇಡ ಅಂದೋರು ಯಾರು? ಮಾತ್ರೆ ನೆನಪಿಸೋರು?"

"ಮೊಬೈಲ್ ಇದೆಯಲ್ಲ."

"ಜ್ವರ ಬಂದು ಎಚ್ಚರ ತಪ್ಪಿದ್ರೆ? ಮೊಬೈಲ್ ಎತ್ಕೊಂಡು ಹೋಗುತ್ತಾ ಆಸ್ಪತ್ರೆಗೆ?"

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೇಳುತ್ತ ಹೇಳುತ್ತ ಅವಳ ಎಡಗೈ ಅವಳಿಗೇ ಗೊತ್ತಿಲ್ಲದೆ ಕಿಡ್ನಿ ತೆಗೆದ ಮಗ್ಗುಲಿಗೆ ಹೋಗಿತ್ತು. ಅವನು ಅದನ್ನೇ ನೋಡಿದ.

"ಬಿಡು," ಅಂದ. "ನೋಡಿದೆ ಅಷ್ಟೇ."

ಮುಂದಿನ ತಿಂಗಳು ಆ ಕೋಣೆಗೆ ಟೈಪಿಂಗ್ ಕಲಿಸುವವನೊಬ್ಬ ಬಂದ. ಈಗಲೂ ಸಂಜೆ ಅಂಗಡಿಯ ಶಟರ್ ಎಳೆದು ಬೀಗ ಹಾಕುವಾಗ ಅವನು ಒಂದು ಗಳಿಗೆ ತಲೆ ಎತ್ತುತ್ತಾನೆ. ಮೇಲಿನ ಕಿಟಕಿಯಲ್ಲಿ ಯಾರದೋ ಟವೆಲ್ ಒಣಗುತ್ತಿರುತ್ತದೆ. ಆಮೇಲೆ ತೋಳಿನ ಗುಂಡಿ ಹಾಕಿಕೊಂಡು ಮನೆಯ ಕಡೆ ನಡೆಯುತ್ತಾನೆ.