ಭಾಗ್ಯತ್ತೆಯ ಥರ್ಮಾಕೋಲ್ ಕೇಕು

ನಮ್ಮ ಕಡೆಯ ಮದುವೆಗಳಿಗೆ ಕೇಕು ಕಾಲಿಡುವ ಮುಂಚಿನ ಕಾಲವನ್ನು ನಾನು ಕಣ್ಣಾರೆ ಕಂಡವಳು. ಆಗ ಆರತಕ್ಷತೆ ಎಂದರೆ ಹುಡುಗ ಹುಡುಗಿಯನ್ನು ಎರಡು ದೊಡ್ಡ ಕೆಂಪು ಕುರ್ಚಿಗಳ ಮುಂದೆ ನಿಲ್ಲಿಸುವುದು, ಬಂದವರೆಲ್ಲ ಸಾಲಾಗಿ ಹೋಗಿ ಫೋಟೋಗೆ ನಿಂತು ನೇರ ಊಟಕ್ಕೆ ಇಳಿಯುವುದು, ಅಷ್ಟೆ. ಮಕ್ಕಳಾದ ನಮಗೆ ಅದೇ ಧಾರಾಳವಾಗಿತ್ತು. ಛತ್ರದ ನುಣುಪು ನೆಲದ ಮೇಲೆ ದೂರದಿಂದ ಓಡಿಬಂದು ಜಾರುತ್ತಿದ್ದೆವು. ಕುರ್ಚಿಗಳ ಕೆಳಗೆ ತೆವಳಿ ಕಂಡವರ ಚಪ್ಪಲಿ ಅದಲುಬದಲು ಮಾಡುತ್ತಿದ್ದೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಅಕ್ಕಂದಿರ ಮುಂದೆ ಮತ್ತೆ ಮತ್ತೆ ಹಾದು ಪ್ರತಿ ಸಲವೂ ಕಲ್ಲುಸಕ್ಕರೆ ಗಿಟ್ಟಿಸುತ್ತಿದ್ದೆವು.

ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ಕಂಡವರ ಹುಟ್ಟುಹಬ್ಬಕ್ಕೆಲ್ಲ ಕೇಕು ಕತ್ತರಿಸಿ ರೂಢಿಯಾದ ಹುಡುಗರು ನಮ್ಮ ಮನೆಗಳಿಗೆ ಅಳಿಯಂದಿರಾಗಿ ಬರತೊಡಗಿದರು. ಜೊತೆಗೆ ಕೇಕೂ ಬಂತು. ಅದು ಮೊದಲು ಬಂದದ್ದು ನಮ್ಮ ಭಾಗ್ಯತ್ತೆಯ ಮದುವೆಗೆ.

ಭಾಗ್ಯತ್ತೆ ನನ್ನ ಅಪ್ಪನ ಕೊನೆಯ ತಂಗಿ. ನಮ್ಮದು ಚಂದಾಪುರದಿಂದ ಒಳಗೆ ಹೋದರೆ ಸಿಗುವ ಹಳ್ಳಿ; ಹಳ್ಳಿ ಎಂದರೂ ಅಷ್ಟರಲ್ಲಾಗಲೇ ಅರ್ಧಕ್ಕರ್ಧ ಬಾಡಿಗೆ ಮನೆ. ಹೊಸೂರು ರಸ್ತೆಯ ಮೇಲುಸೇತುವೆ ಆಗಿನ್ನೂ ಹೊಸದು, ಅದನ್ನು ನೋಡಲೆಂದೇ ಜನ ಹೋಗುತ್ತಿದ್ದರು. ಅಜ್ಜ ತೀರಿಕೊಂಡಾಗ ಅತ್ತೆ ತೊಟ್ಟಿಲಲ್ಲಿದ್ದಳಂತೆ. ಅಜ್ಜಿ ಹಿಪ್ಪುನೇರಳೆ ಸೊಪ್ಪು ಹೊತ್ತು, ರೇಷ್ಮೆಹುಳ ಸಾಕಿ, ಇಬ್ಬರು ಗಂಡುಮಕ್ಕಳನ್ನೂ ಈ ಮಗಳನ್ನೂ ಒಂದು ದಡ ಮುಟ್ಟಿಸಿದವಳು. ಅವಳ ಸೆರಗಿಗೆ ಕೊನೆಯವರೆಗೂ ಆ ಸೊಪ್ಪಿನ ಹಸಿ ವಾಸನೆ ಇತ್ತು.

ಇಂಥ ಅಜ್ಜಿಗೆ ಮಗಳ ಮದುವೆಯಲ್ಲಿ ಸಿಕ್ಕ ಸ್ಥಾನ ಉಗ್ರಾಣ. ಅಕ್ಕಿ, ಬೇಳೆ, ತೆಂಗಿನಕಾಯಿ ಕಾಯುವ ಕೆಲಸ. ಗಂಡ ಇಲ್ಲದವಳು ಚಪ್ಪರದ ಪೂಜೆಗೆ ಬರಬಾರದು, ಬಳೆ ಶಾಸ್ತ್ರಕ್ಕೆ ಬರಬಾರದು, ಅರಿಶಿನಕ್ಕಂತೂ ಬರಲೇಬಾರದು. ಇದನ್ನೆಲ್ಲ ತೀರ್ಮಾನ ಮಾಡುತ್ತಿದ್ದವಳು ನನ್ನ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅವಳು ಯಾವ ಗ್ರಂಥವನ್ನೂ ಓದಿದವಳಲ್ಲ. ಆದರೂ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳೆಂದರೆ ಪುರೋಹಿತರೂ ಒಮ್ಮೆ ಅವಳ ಮುಖ ನೋಡಿ ಮಂತ್ರ ಹೇಳುತ್ತಿದ್ದರು.

ಅರಿಶಿನದ ದಿನ ಹಸೆಮಣೆಯ ಮೇಲೆ ಕೂತಿದ್ದ ಅತ್ತೆ ಮೆಲ್ಲಗೆ ಕೇಳಿದಳು.

"ಅತ್ಗೆ, ಅವ್ವನ ಕೈಲಿ ಒಂದ್ ಚೂರು ಅರಿಶಿನ ಹಚ್ಚಿಸ್ಕೊಂಡ್ರೆ ಏನಾಗುತ್ತೆ?"

"ಏನೂ ಆಗಲ್ಲ ಕಣೆ," ಎಂದಳು ದೊಡ್ಡಮ್ಮ. "ಅಕಸ್ಮಾತ್ ಆದ್ರೆ?"

ಅತ್ತೆ ನನ್ನ ಅಪ್ಪನ ಕಡೆ ನೋಡಿದಳು. ಅಪ್ಪ ಅದೇ ಹೊತ್ತಿಗೆ ಚಪ್ಪರದ ಕಂಬ ಅಲ್ಲಾಡಿಸಿ ಗಟ್ಟಿ ಇದೆಯೇ ಎಂದು ಪರೀಕ್ಷೆ ಮಾಡತೊಡಗಿದ. ನಮ್ಮ ಮನೆಯ ಗಂಡಸರ ಧೈರ್ಯ ಅಷ್ಟರದ್ದೇ. ಅಜ್ಜಿ ಅಡುಗೆಮನೆಯ ಬಾಗಿಲ ಹಿಂದಿನಿಂದಲೇ, "ಬಿಡವ್ವ, ಹಟ ಮಾಡಬೇಡ. ಯಾರ್ ಹಚ್ಚಿದ್ರೂ ಅರಿಶಿನ ಅರಿಶಿನಾನೇ" ಎಂದಳು. ಅತ್ತೆ ತಲೆ ತಗ್ಗಿಸಿದಳು. ಊರಿನ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದು, ಹಬ್ಬಕ್ಕೆ ಹೊಸಿಲು ಸಾರಿಸುವವರಂತೆ ಅವಳ ಮುಖಕ್ಕೆ ಅರಿಶಿನ ಬಳಿದು ಹೋದರು.

ಕೇಕಿನ ಸುದ್ದಿ ಬಂದದ್ದು ಮರುದಿನ. ಹುಡುಗನ ಹೆಸರು ರವಿ, ರಾತ್ರಿ ಪಾಳಿಯ ಫೋನ್ ಕಂಪನಿಯಲ್ಲಿ ಕೆಲಸ. ಆರತಕ್ಷತೆಗೆ ಅವನ ಸ್ನೇಹಿತರು ಐದಂತಸ್ತಿನ ಕೇಕು ತರುತ್ತಾರೆಂದು ಗಂಡಿನ ಕಡೆಯವರು ಫೋನು ಮಾಡಿದರು. ನಮ್ಮಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ಆಗುತ್ತದೆ. ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಅದ್ರಲ್ಲಿ ಮೊಟ್ಟೆ ಇರುತ್ತೆ. ನಾಳೆ ಧಾರೆ ಇಟ್ಕೊಂಡು ಇವತ್ತು ಮೊಟ್ಟೆನಾ?"

ಮೊಟ್ಟೆ ಹಾಕಿಸುವುದಿಲ್ಲ ಎಂದರು.

"ಮೇಣದ ಬತ್ತಿ ಹಚ್ಚಿ ಉಫ್ ಅಂತ ಊದ್ತಾರೆ. ಮದುವೆ ಮನೇಲಿ ದೀಪ ಆರಿಸ್ತಾರಾ ಯಾರಾದ್ರೂ?"

ಬತ್ತಿ ಬೇಡ, ಸುರುಸುರು ಬತ್ತಿ ಇಡುತ್ತೇವೆ ಎಂದರು. ಕೇಕು ಮಾತ್ರ ಬಿಡಲಿಲ್ಲ. ಗಂಡಿನ ಕಡೆಯವರು, ಎದುರಾಡುವ ಹಾಗಿಲ್ಲ. ಕೊನೆಗೆ ದೊಡ್ಡಮ್ಮ ತನ್ನ ಮರ್ಯಾದೆ ಉಳಿಸಿಕೊಳ್ಳಲು ನಮ್ಮೆಲ್ಲರ ಮುಂದೆ ಘೋಷಿಸಿದಳು: "ಅದು ಶಾಸ್ತ್ರ ಅಲ್ಲ, ಆಟ. ಯಾರ್ ಬೇಕಾದ್ರೂ ಆಡ್ಕೊಳ್ಳಿ. ನಾನಂತೂ ಅದರ ತಂಟೆಗೆ ಬರಲ್ಲ." ಹೂ ಕಟ್ಟುತ್ತಿದ್ದ ಭಾಗ್ಯತ್ತೆ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಹೂ ಕಟ್ಟಿದಳು.

ಆರತಕ್ಷತೆಯ ಸಂಜೆ ಛತ್ರದ ತುಂಬ ಗೋಬಿ ಮಂಚೂರಿಯ ಘಾಟು, ಮಲ್ಲಿಗೆ, ಸೆಂಟು. ಮೈಕು ಹಿಡಿಯಲೆಂದೇ ಒಬ್ಬನನ್ನು ಕರೆಸಿದ್ದರು. ಹೊಳೆಯುವ ಕೋಟು, ಬೂಟು. "ಒಂದು ಜೋರಾದ ಚಪ್ಪಾಳೆ" ಎಂಬುದನ್ನು ಬಿಟ್ಟರೆ ಅವನಿಗೆ ಕನ್ನಡದಲ್ಲಿ ಬೇರೆ ಮಾತೇ ಗೊತ್ತಿದ್ದಂತಿರಲಿಲ್ಲ. ದೀಪಗಳನ್ನು ಆರಿಸಿ, ಹೊಗೆ ಬಿಟ್ಟು, ತಳ್ಳುಗಾಡಿಯ ಮೇಲೆ ಕೇಕು ತಂದರು. ಐದಂತಸ್ತು, ಬೆಳ್ಳಗೆ, ಮೈತುಂಬ ಗುಲಾಬಿ ಹೂ, ತುದಿಯಲ್ಲಿ ಪ್ಲಾಸ್ಟಿಕ್ಕಿನ ದೊರೆ ದೊರೆಸಾನಿ. ನಾವು ಮಕ್ಕಳು ಬಾಯಿ ಬಿಟ್ಟುಕೊಂಡು ಮುಂದಕ್ಕೆ ನುಗ್ಗಿದೆವು. ನಾನು ಯಾವ ಅಂತಸ್ತಿನ ಗುಲಾಬಿ ನನ್ನದೆಂದು ಆಗಲೇ ಗೊತ್ತು ಮಾಡಿಕೊಂಡಿದ್ದೆ.

ಅತ್ತೆ, ರವಿ ಮಾವ ಇಬ್ಬರೂ ರಿಬ್ಬನ್ನು ಕಟ್ಟಿದ ಚಾಕು ಹಿಡಿದು ನಡುವಿನ ಅಂತಸ್ತಿಗೆ ಒತ್ತಿದರು. ಚಾಕು ಇಳಿಯಲಿಲ್ಲ. ಇನ್ನೂ ಒತ್ತಿದಾಗ ಕಿರ್ರೆಂದು ಹಲ್ಲು ಜುಮ್ಮೆನ್ನಿಸುವ ಸದ್ದು ಬಂತು. ಬೇಕರಿಯ ಹುಡುಗ ಓಡಿಬಂದು ಮೈಕಿನ ಪಕ್ಕದಲ್ಲೇ ಪಿಸುಗುಟ್ಟಿದ್ದು ಇಡೀ ಛತ್ರಕ್ಕೆ ಕೇಳಿಸಿತು. "ಅಲ್ಲಲ್ಲ ಮೇಡಂ, ಅದು ಥರ್ಮಾಕೋಲು. ಕೆಳಗಡೆ, ಬಲಕ್ಕೆ ಒಂದು ಪೀಸ್ ಐತೆ ನೋಡಿ, ಅದು ಮಾತ್ರ ಕೇಕು." ಐದಂತಸ್ತಿನ ಮಹಲಿನಲ್ಲಿ ತಿನ್ನುವುದಕ್ಕಿದ್ದದ್ದು ಒಂದು ಹಿಡಿ. ಉಳಿದದ್ದು ಬಾಡಿಗೆಯ ಮಾಲು. ಕೊನೆಗೆ ಒರೆಸಿ ಮುಂದಿನ ಮದುವೆಗೆ ಕಳಿಸುವಂಥದ್ದು. ಆದರೂ ಮೈಕಿನವನು ಜೋರಾದ ಚಪ್ಪಾಳೆ ಕೇಳಿದ, ನಮ್ಮ ಜನ ಹೊಡೆದರು. ಥರ್ಮಾಕೋಲು ಕೊಯ್ದದ್ದಕ್ಕೆ ಚಪ್ಪಾಳೆ ಹೊಡೆಯುವ ಜನವನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಆಮೇಲೆ ಬಹಳ ಕಡೆ ನೋಡಿದ್ದೇನೆ.

ಅಂತೂ ನಿಜವಾದ ತುಂಡು ಕೈಗೆ ಬಂತು. ರವಿ ಮಾವನ ಸ್ನೇಹಿತರು ಕೆಳಗಿನಿಂದ, "ಮುಖಕ್ಕೆ ಬಳಿ ಮಗಾ" ಎಂದು ಕೂಗತೊಡಗಿದರು. ಆತನೂ ಎರಡು ಬೆರಳಿಗೆ ಕ್ರೀಮು ತೆಗೆದುಕೊಂಡು ಸಿದ್ಧನಾದ. ಅತ್ತೆ ಅವನ ಮಣಿಕಟ್ಟು ಹಿಡಿದಳು.

"ಒಂದ್ನಿಮಿಷ ಇರ್ರೀ," ಎಂದಳು. ಆಮೇಲೆ ಸ್ಟೇಜಿನ ಅಂಚಿನಲ್ಲಿ ಗುಲಾಬಿಗೆ ಕಾದು ನಿಂತಿದ್ದ ನನ್ನ ಕಡೆ ಬಗ್ಗಿ, "ಪುಟ್ಟಿ, ಓಡ್ಹೋಗಿ ಅವ್ವನ್ನ ಕರ್ಕೊಂಬಾ. ನಾನು ಹೇಳ್ದೆ ಅನ್ನು" ಎಂದಳು.

ಉಗ್ರಾಣದಲ್ಲಿ ಅಜ್ಜಿ ಅಕ್ಕಿ ಮೂಟೆಯ ಮೇಲೆ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ಸುತ್ತ ಬೂಂದಿ ಲಾಡಿನ ತುಪ್ಪದ ವಾಸನೆ, ಕೊತ್ತಂಬರಿ, ಗೋಣಿಚೀಲ.

"ಅಜ್ಜಿ, ಅತ್ತೆ ಕರೀತವ್ಳೆ. ಸ್ಟೇಜ್ ಮೇಲಕ್ಕೆ."

"ನಾನ್ಯಾಕವ್ವ ಅಲ್ಲಿಗೆ? ಇಲ್ಲಿ ಕಾಯಿ ಲಾಡು ಕಾಯೋರ್ಯಾರು?"

"ನೀನು ಬರೋಗಂಟ ಕೇಕು ತಿನ್ನಲ್ವಂತೆ."

ತಿನ್ನುವುದಿಲ್ಲ ಎಂದು ಅತ್ತೆ ಹೇಳಿರಲಿಲ್ಲ, ಅದು ನಾನೇ ಸೇರಿಸಿದ್ದು. ಮಗಳು ಬೆಳಗಿನಿಂದ ಹಸಿದಿದ್ದಾಳೆಂಬುದು ಅಜ್ಜಿಗೆ ಗೊತ್ತಿತ್ತು. ಎದ್ದಳು. ಸೊಂಟದ ಬೀಗದ ಕೈ ಗೊಂಚಲು ಸದ್ದು ಮಾಡದಂತೆ ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಹಿಂದೆ ಬಂದಳು. ಸ್ಟೇಜಿನ ಮೆಟ್ಟಿಲ ಹತ್ತಿರ ದೊಡ್ಡಮ್ಮ ಅಡ್ಡ ನಿಂತಿದ್ದಳು. "ನೀವೆಲ್ಲಿಗೆ ಬಂದ್ರಿ? ಬೀಗರು ನೋಡ್ತವ್ರೆ" ಎಂದು ಹಲ್ಲು ಕಚ್ಚಿ ಹೇಳಿದಳು. ಅಜ್ಜಿ ಅಲ್ಲೇ ನಿಂತುಬಿಟ್ಟಳು.

ಮೇಲಿನಿಂದ ಅತ್ತೆಯ ದನಿ ಬಂತು, ಮೈಕು ಹತ್ತಿರವಿದ್ದದ್ದರಿಂದ ಊಟದ ಹಾಲಿನವರೆಗೂ. "ನೀವೇ ಹೇಳಿದ್ರಲ್ಲ ಅತ್ಗೆ, ಇದು ಶಾಸ್ತ್ರ ಅಲ್ಲ, ಆಟ ಅಂತ. ಯಾರ್ ಬೇಕಾದ್ರೂ ಆಡ್ಬೋದು ಅಂತ. ನಮ್ಮವ್ವ ಆಟಕ್ಕೆ ಬರ್ಲಿ ಬಿಡಿ."

ದೊಡ್ಡಮ್ಮನದೇ ತೀರ್ಪು, ಅಲ್ಲಗಳೆಯುವುದು ಹೇಗೆ? ಪಕ್ಕಕ್ಕೆ ಸರಿದಳು. ಅಜ್ಜಿ ಮೆಟ್ಟಿಲು ಹತ್ತಿದಳು.

ಅತ್ತೆ ಆ ಒಂದು ಹಿಡಿ ಕೇಕಿನಲ್ಲಿ ಮೊದಲ ತುತ್ತು ಮುರಿದು ಅಜ್ಜಿಯ ಬಾಯಿಗೆ ಇಟ್ಟಳು. ಅಜ್ಜಿ ಕಣ್ಣು ಮುಚ್ಚಿ ಅಗಿದು, "ಇದೇನವ್ವ, ಸೋಪು ತಿಂದಂಗೈತೆ" ಎಂದಳು. ಬೀಗರೂ ನಕ್ಕರು. ಆಗ ಅಜ್ಜಿ, ಯಾರೂ ಹೇಳದೆಯೇ, ಕೇಕಿನ ಕ್ರೀಮನ್ನು ಬೆರಳ ತುದಿಗೆ ತೆಗೆದುಕೊಂಡು ಮಗಳ ಒಂದು ಕೆನ್ನೆಗೆ ಹಚ್ಚಿದಳು. ಮತ್ತೆ ಸ್ವಲ್ಪ ತೆಗೆದುಕೊಂಡು ಇನ್ನೊಂದು ಕೆನ್ನೆಗೆ. ಆಮೇಲೆ ಹಣೆಗೆ. ಗೆಳೆಯರು ಬಳಿಯುವ ಹಾಗಲ್ಲ. ನಿಧಾನವಾಗಿ, ಮೇಲಿನಿಂದ ಕೆಳಕ್ಕೆ, ಅರಿಶಿನ ಹಚ್ಚುವ ಹಾಗೆ. ಅತ್ತೆಯ ಕಾಡಿಗೆ ಕರಗಿ ಕ್ರೀಮಿಗೆ ಬೆರೆಯಿತು. ಮೈಕಿನ ದಡ್ಡನಿಗೆ ಏನೂ ತಿಳಿಯದೆ, "ಸಕ್ಕತ್ ಅಜ್ಜಿ, ಒಂದು ಜೋರಾದ ಚಪ್ಪಾಳೆ" ಎಂದು ಕಿರುಚಿದ. ದೊಡ್ಡಮ್ಮನಿಗೆ ತಿಳಿಯಿತು. ಅವಳು ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಮರುದಿನ ಬೆಳಿಗ್ಗೆ ಧಾರೆ ಎರೆದವರು ದೊಡ್ಡಪ್ಪ ದೊಡ್ಡಮ್ಮನೇ. ಅಜ್ಜಿ ಮತ್ತೆ ಉಗ್ರಾಣದಲ್ಲೇ ಇದ್ದಳು. ನನಗೆ ಗುಲಾಬಿಯೂ ಸಿಗಲಿಲ್ಲ, ಬೇಕರಿಯವನು ಎಲ್ಲವನ್ನೂ ವಾಪಸು ಕೊಂಡೊಯ್ದ.

ಅಜ್ಜಿ ಹೋಗಿ ಕೆಲವು ವರ್ಷಗಳಾದವು. ದೊಡ್ಡಪ್ಪನೂ ಹೋದ. ಈಚೆಗೆ ದೊಡ್ಡಮ್ಮನ ಮಗನ ಮದುವೆ ಆಯಿತು. ಈಗ ಛತ್ರಕ್ಕೆ ಛತ್ರ ಎನ್ನುವುದಿಲ್ಲ, ಕನ್ವೆನ್ಷನ್ ಹಾಲ್ ಎನ್ನುತ್ತಾರೆ. ಕೇಕು ಆಳೆತ್ತರ ಇತ್ತು, ತುದಿಯಿಂದ ಬುಡದವರೆಗೆ ತಿನ್ನುವಂಥದ್ದೇ. ರಾಹುಕಾಲ ಕಳೆದ ಮೇಲೆಯೇ ಕತ್ತರಿಸಬೇಕೆಂದು ಪುರೋಹಿತರು ಹೊತ್ತು ಇಟ್ಟುಕೊಟ್ಟಿದ್ದರು. ಚಾಕುವಿಗೆ ಅರಿಶಿನದ ದಾರ ಕಟ್ಟಿತ್ತು. ಐದು ಜನ ಮುತ್ತೈದೆಯರು ಚಾಕುವಿಗೆ ಕೈ ತಾಗಿಸಬೇಕಂತೆ. ಮೈಕಿನವನು ಹೆಸರು ಹಿಡಿದು ಕರೆಯುತ್ತಿದ್ದ. ಇಂಥ ಮೂರ್ಖತನವನ್ನು ಇಷ್ಟು ಅಚ್ಚುಕಟ್ಟಾಗಿ ಮಾಡುವುದಕ್ಕೂ ಒಂದು ತಾಕತ್ತು ಬೇಕು.

ಹಾಲಿನ ಕೊನೆಯ ಸಾಲಿನಲ್ಲಿ ದೊಡ್ಡಮ್ಮ ಒಬ್ಬಳೇ ಕೂತಿದ್ದಳು. ಅವಳ ಮೇಲೆ ನನಗೆ ಕನಿಕರವೇನೂ ಉಕ್ಕಲಿಲ್ಲ, ನಿಜ ಹೇಳಬೇಕಲ್ಲ. ಆದರೂ ಹತ್ತಿರ ಹೋದೆ.

"ಬನ್ನಿ ದೊಡ್ಡಮ್ಮ, ಮಗ ಕೇಕ್ ಕಟ್ ಮಾಡ್ತಿದಾನೆ."

"ನಾನು ಬರಬಾರ್ದು ಕಣೆ ಪುಟ್ಟಿ. ಅಲ್ಲಿ ಶಾಸ್ತ್ರ ನಡೀತೈತೆ."

"ಅದು ಆಟ ಅಂತ ನೀವೇ ಅಂದಿದ್ರಲ್ಲ?"

"ಆಗ ಆಟ ಆಗಿತ್ತು," ಎಂದಳು. "ಈಗ ಎಲ್ರೂ ಮಾಡ್ತಾರಲ್ಲ."

ಸ್ಟೇಜಿನ ಮೇಲೆ ಚಪ್ಪಾಳೆ ಬಿತ್ತು. ದೊಡ್ಡಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಆ ಹಾಲಿನಲ್ಲಿ ಉಗ್ರಾಣವೆಂಬುದೇ ಇರಲಿಲ್ಲ, ಎಲ್ಲವನ್ನೂ ಕೇಟರಿಂಗಿನವರೇ ತರುತ್ತಾರೆ. ಅಜ್ಜಿಗೆ ಕಾಯುವುದಕ್ಕೆ ನಾಲ್ಕು ತೆಂಗಿನಕಾಯಿಯಾದರೂ ಇದ್ದವು.